ಟಿವಿ ನಮ್ಮದು, ಬೀಗದಕೈ ಯಾರದ್ದು?

ಕಳೆದ ಮಳೆಗಾಲದಲ್ಲಿ ಗೇರುಸೊಪ್ಪದ ಮನೆಗೆ ಹೋದಾಗ ಆಯಿಗೆ ಒಂದು ಕನ್ನಡ ಸಿನಿಮಾ ತೋರಿಸೋಣ ಅಂತ ಕೂತೆ. ಕದ್ದ ಸಿನಿಮಾ ಅಲ್ಲ, ನಾನು ತಿಂಗಳಾ ತಿಂಗಳಾ ದುಡ್ಡು ಕಟ್ಟುವ ಒಟಿಟಿಯಲ್ಲಿದ್ದದ್ದು. ಮನೆಯ ಸ್ಮಾರ್ಟ್ ಟಿವಿ ಕೊಂಡು ಐದು ವರ್ಷವಾಗಿದೆ. ಆ್ಯಪ್ ತೆರೆದರೆ, ಈ ಟಿವಿಗೆ ಇನ್ನು ನಮ್ಮ ಸೇವೆ ಇಲ್ಲ ಅಂತು. ಸರಿ, ಟಿವಿಯಲ್ಲೇ ಬ್ರೌಸರ್ ಇದೆಯಲ್ಲ ಅಂತ ರಿಮೋಟಿನ ಗುಂಡಿ ಒತ್ತಿ ಒತ್ತಿ, ಒಂದೊಂದೇ ಅಕ್ಷರ ಆರಿಸಿ ವೆಬ್‌ಸೈಟ್ ವಿಳಾಸ ಬರೆದೆ. ಪಾಸ್‌ವರ್ಡ್ ಹಾಕುವಷ್ಟರಲ್ಲಿ ಎರಡು ಸಲ ಕರೆಂಟ್ ಹೋಯ್ತು. 240 ಮೆಗಾವ್ಯಾಟ್ ವಿದ್ಯುತ್ ಮಾಡುವ ಅಣೆಕಟ್ಟೆ ಊರಲ್ಲೇ ಇದೆ, ಆ ಕಥೆ ಇನ್ನೊಮ್ಮೆ ಹೇಳ್ತೇನೆ. ಕೊನೆಗೂ ಸಿನಿಮಾದ ಪೋಸ್ಟರ್ ಬಂತು. ಪ್ಲೇ ಒತ್ತಿದೆ. ಕಪ್ಪು ಪರದೆ. ಅದರ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು: ಈ ಬ್ರೌಸರ್‌ನಲ್ಲಿ ವಿಡಿಯೋ ಪ್ಲೇ ಆಗುವುದಿಲ್ಲ.

"ಎಂತದೋ ತಮಾ, ಒಂದ್ ಸಿನಿಮಾ ನೋಡಲೆ ಇಷ್ಟೆಲ್ಲ ಬೇಕಾ?" ಅಂತ ಆಯಿ ಕೇಳಿದಳು.

ಪಕ್ಕದ ಮನೆಯ ಮಾಣಿ ಅಲ್ಲೇ ಇದ್ದ. ಪಿಯುಸಿ ಓದುವವನು. ನನ್ನ ಕೈಯಿಂದ ರಿಮೋಟ್ ತಗೊಂಡು, ಅದೇ ಟಿವಿಯ ಅದೇ ಬ್ರೌಸರ್‌ನಲ್ಲಿ ಬೇರೆ ಯಾವುದೋ ವಿಳಾಸ ಹೊಡೆದ. ಹತ್ತು ಸೆಕೆಂಡ್ ಆಗಿರಲಿಲ್ಲ, ಅದೇ ಸಿನಿಮಾ ಶುರುವಾಯ್ತು. ಪೈರಸಿ ಕಾಪಿ. ನಾನು ಬಂದ್ ಮಾಡಿಸಿದೆ. ಆಯಿಗೆ ಸಿಟ್ಟು ಬಂತು. ದುಡ್ಡು ಕೊಟ್ಟ ಮಗನಿಗೆ ತೋರಿಸಲಾಗದ್ದನ್ನು ದುಡ್ಡು ಕೊಡದ ಮಾಣಿ ತೋರಿಸಿದ್ದ. ಆ ಸಿಟ್ಟಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದನ್ನ ಬರೀ ಟೆಕ್ನಿಕಲ್ ಕಿರಿಕಿರಿ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಆ ಕಪ್ಪು ಪರದೆ ಯಾಕೆ ಬಂತು ಅಂತ ಹುಡುಕುತ್ತಾ ಹೋದ ಹಾಗೆ ನನಗೆ ಕಂಡದ್ದು ರಾಜಕೀಯ. ನಮ್ಮ ಮನೆಯ ಗೋಡೆ ಮೇಲಿನ ಪರದೆಯಲ್ಲಿ ಏನು ಬರಬೇಕು ಅಂತ ತೀರ್ಮಾನಿಸುವವರು ಯಾರು ಅನ್ನುವ ರಾಜಕೀಯ.

ಕಪ್ಪು ಪರದೆಯ ಹಿಂದೆ

ಒಟಿಟಿಗಳು ಸಿನಿಮಾವನ್ನು ಬೀಗ ಹಾಕಿ ಕಳಿಸುತ್ತವೆ. ಬೀಗ ತೆಗೆಯುವ ಕೀಲಿ ಬ್ರೌಸರ್‌ನ ಒಳಗಿರುವ ಒಂದು ಮುಚ್ಚಿದ ತಂತ್ರಾಂಶದ ಬಳಿ ಇರುತ್ತದೆ. ಇದೇ ಡಿಆರ್‌ಎಂ. ಜಗತ್ತಿನಲ್ಲಿ ಈ ಕೆಲಸಕ್ಕೆ ಮುಖ್ಯವಾಗಿ ಇರುವುದು ಮೂರು: ಗೂಗಲ್‌ನ ವೈಡ್‌ವೈನ್, ಮೈಕ್ರೋಸಾಫ್ಟ್‌ನ ಪ್ಲೇರೆಡಿ, ಆ್ಯಪಲ್‌ನ ಫೇರ್‌ಪ್ಲೇ. ಟಿವಿಯ ಬ್ರೌಸರ್‌ಗೆ ಇವುಗಳ ಪರವಾನಗಿ ಇಲ್ಲದಿದ್ದರೆ ಅಥವಾ ಬ್ರೌಸರ್ ಹಳೆಯದಾಗಿದ್ದರೆ ಕೀಲಿ ಸಿಗುವುದಿಲ್ಲ. ಸಿಕ್ಕರೂ ಅದರಲ್ಲಿ ದರ್ಜೆಗಳಿವೆ. ವೈಡ್‌ವೈನ್‌ನಲ್ಲಿ ಎಲ್1 ಅಂದರೆ ಚಿಪ್‌ನ ಒಳಗೇ ಭದ್ರವಾಗಿ ಬೀಗ ತೆಗೆಯುವ ವ್ಯವಸ್ಥೆ. ಎಲ್3 ಅಂದರೆ ಬರೀ ತಂತ್ರಾಂಶ. ಎಲ್3 ಇರುವವರಿಗೆ ಹಲವು ಸೇವೆಗಳು ಎಚ್‌ಡಿ ಕೊಡುವುದೇ ಇಲ್ಲ. ಚಂದಾ ಹಣ ಮಾತ್ರ ಒಂದೇ.

ಹಾಗಂತ ಈ ವ್ಯವಸ್ಥೆ ಆಕಾಶದಿಂದ ಬಿದ್ದದ್ದಲ್ಲ. ವೆಬ್‌ನ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ, ಬ್ರೌಸರ್‌ಗಳೊಳಗೆ ಡಿಆರ್‌ಎಂಗೆ ಜಾಗ ಕೊಡುವ ಮಾನದಂಡವನ್ನು 2017ರ ಸೆಪ್ಟೆಂಬರ್‌ನಲ್ಲಿ ಅಂಗೀಕರಿಸಿತು. ಡಿಜಿಟಲ್ ಹಕ್ಕುಗಳಿಗಾಗಿ ಹೋರಾಡುವ ಎಲೆಕ್ಟ್ರಾನಿಕ್ ಫ್ರಂಟಿಯರ್ ಫೌಂಡೇಶನ್ ಇದನ್ನು ವಿರೋಧಿಸಿ ಸಂಸ್ಥೆಯಿಂದಲೇ ಹೊರನಡೆಯಿತು. ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ ಅವರೇ ಮಾನದಂಡದ ಪರ ನಿಂತಿದ್ದರು. ಯಾರು ಬೇಕಾದರೂ ಬ್ರೌಸರ್ ಮಾಡಬಹುದು, ಯಾವ ಬ್ರೌಸರ್‌ನಲ್ಲಿ ಬೇಕಾದರೂ ಪುಟ ತೆರೆಯಬಹುದು ಅನ್ನುವುದು ವೆಬ್‌ನ ಮೂಲ ಮಾತು. ಸಿನಿಮಾದ ವಿಷಯದಲ್ಲಿ ಆ ಮಾತು ಅಲ್ಲಿಗೆ ಮುಗಿಯಿತು.

ನಿರ್ಮಾಪಕರ ಕಷ್ಟ ನನಗೆ ಅರ್ಥವಾಗುತ್ತದೆ. ಪೈರಸಿಯಿಂದ ಮುಳುಗಿದ ಕನ್ನಡ ನಿರ್ಮಾಪಕರಿದ್ದಾರೆ. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆ ಪೈರಸಿಗೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡ ಅನ್ನುತ್ತದೆ. ಇರಲಿ. ಆದರೆ ನಮ್ಮ ಮನೆಯ ಮಾಣಿಯ ಹತ್ತು ಸೆಕೆಂಡ್ ನೋಡಿ. ಬೀಗ ಕಳ್ಳನನ್ನು ತಡೆಯಲಿಲ್ಲ, ಗಿರಾಕಿಯನ್ನು ತಡೆಯಿತು. ಇಂಥ ಬೀಗದಿಂದ ನಿರ್ಮಾಪಕನಿಗಾದರೂ ಏನು ಸಿಕ್ಕಿತು?

ಮುಖಪುಟದ ಯಜಮಾನರು

"ಬ್ರೌಸರ್ ಯಾಕಪ್ಪಾ, ಹೊಸ ಟಿವಿ ತಗೊ, ಆ್ಯಪ್ ಹಾಕ್ಕೋ" ಅನ್ನಬಹುದು. ಆ್ಯಪ್‌ಗೆ ಬರೋಣ.

ಟಿವಿ ಆನ್ ಮಾಡಿದ ಕೂಡಲೇ ಕಾಣುವ ಮುಖಪುಟ ಇದೆಯಲ್ಲ, ಅದು ಬಾಡಿಗೆ ಅಂಗಡಿಸಾಲು ಇದ್ದ ಹಾಗೆ. ಯಾವ ಆ್ಯಪ್ ಮೊದಲು ಬರಬೇಕು, ಯಾವ ಸಿನಿಮಾದ ಚಿತ್ರ ದೊಡ್ಡದಾಗಿ ಕಾಣಬೇಕು ಅನ್ನುವುದರ ಹಿಂದೆ ವ್ಯಾಪಾರದ ಒಪ್ಪಂದಗಳಿವೆ. ರಿಮೋಟಿನಲ್ಲಿ ಕೆಲವು ಸೇವೆಗಳಿಗೇ ಪ್ರತ್ಯೇಕ ಗುಂಡಿಗಳಿವೆ. ಆ ಗುಂಡಿಗೆ ದುಡ್ಡು ಸುರಿಯುವ ತಾಕತ್ತು ಒಬ್ಬ ಕನ್ನಡ ನಿರ್ಮಾಪಕನಿಗೆ ಎಲ್ಲಿಂದ ಬರಬೇಕು?

ಈ ಬಿಗಿಹಿಡಿತ ನನ್ನ ಊಹೆಯಲ್ಲ. ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಆಂಡ್ರಾಯ್ಡ್ ಟಿವಿಯ ಬಗ್ಗೆಯೇ ದೂರು ಬಂದಿತ್ತು. ಪ್ಲೇ ಸ್ಟೋರ್ ಬೇಕಾದರೆ ಗೂಗಲ್‌ನ ಆ್ಯಪ್‌ಗಳ ಇಡೀ ಕಟ್ಟನ್ನೇ ಟಿವಿ ಕಂಪನಿಗಳು ಹಾಕಿಕೊಳ್ಳಬೇಕು, ಆಂಡ್ರಾಯ್ಡ್‌ನ ಬೇರೆ ರೂಪಗಳನ್ನು ಬಳಸುವಂತಿಲ್ಲ ಅನ್ನುವುದು ದೂರಿನ ತಿರುಳು. 2025ರ ಏಪ್ರಿಲ್‌ನಲ್ಲಿ ಗೂಗಲ್ 20.24 ಕೋಟಿ ರೂಪಾಯಿ ಕೊಟ್ಟು ಪ್ರಕರಣವನ್ನು ಇತ್ಯರ್ಥ ಮಾಡಿಕೊಂಡಿತು; ಕಟ್ಟನ್ನು ಬಿಚ್ಚಿ ಪ್ಲೇ ಸ್ಟೋರ್ ಅನ್ನು ಬಿಡಿಯಾಗಿ ಕೊಡಲು ಒಪ್ಪಿತು. ಮೊಬೈಲ್ ಬಗ್ಗೆ ಇಷ್ಟು ಮಾತಾಡುವ ನಾವು ಈ ಟಿವಿ ಪ್ರಕರಣದ ಬಗ್ಗೆ ಎಷ್ಟು ಮಾತಾಡಿದೆವು?

2015ರಲ್ಲಿ ನೆಟ್ ನ್ಯೂಟ್ರಾಲಿಟಿಗಾಗಿ ಟ್ರಾಯ್‌ಗೆ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಹೋದವು. 2016ರ ಫೆಬ್ರವರಿ 8ರಂದು ಟ್ರಾಯ್, ವೆಬ್‌ಸೈಟಿಗೊಂದು ಡೇಟಾ ದರ ಇಡುವಂತಿಲ್ಲ ಅಂತ ಆದೇಶ ಮಾಡಿತು. ಫ್ರೀ ಬೇಸಿಕ್ಸ್ ಇಲ್ಲಿಂದ ಹೊರಟುಹೋಯಿತು. ಆಗ ಜಗಳ ಇದ್ದದ್ದು ತಂತಿಯ ಮೇಲೆ. ತಂತಿ ಮನೆಯೊಳಗೆ ಬಂದು ಟಿವಿಗೆ ಸಿಕ್ಕಿಕೊಳ್ಳುವ ಜಾಗದಲ್ಲಿ ಈಗ ಹೊಸ ಗೇಟು ಎದ್ದಿದೆ. ಅಲ್ಲಿ ನಿಂತು ಕೇಳುವವರು ಕಾಣುತ್ತಿಲ್ಲ.

ಕನ್ನಡಕ್ಕೆ ಯಾವ ಬಾಗಿಲು?

ರಕ್ಷಿತ್ ಶೆಟ್ಟಿ ನಿರ್ಮಾಣದ 'ಏಕಂ' ನೆನಪಿದೆಯಾ? ಕರಾವಳಿಯ ಏಳು ಕಥೆಗಳ ಸರಣಿ. ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿ ಅಂಥವರು ಅದರಲ್ಲಿದ್ದರು. 2021ರ ಹೊತ್ತಿಗೇ ಸಿದ್ಧವಾಗಿತ್ತು. ಯಾವ ದೊಡ್ಡ ಒಟಿಟಿಯೂ ಕೊಳ್ಳಲಿಲ್ಲ. ಕಾದು ಕಾದು, 2024ರ ಜುಲೈ 13ರಂದು ತಂಡ ತನ್ನದೇ ವೆಬ್‌ಸೈಟ್ ಮಾಡಿ ಅಲ್ಲಿ ಬಿಡುಗಡೆ ಮಾಡಿತು. ಹೆಸರಾಂತ ನಟನ ನಿರ್ಮಾಣಕ್ಕೇ ಈ ಪಾಡಾದರೆ, ಹೆಸರಿಲ್ಲದವರ ಗತಿ ಏನು? ಆದರೆ ಈ ಕಥೆಗೆ ಇನ್ನೊಂದು ಮಗ್ಗುಲೂ ಇದೆ. ವೆಬ್ ಅಂತ ಒಂದು ಬಯಲು ಉಳಿದಿದ್ದಕ್ಕೇ 'ಏಕಂ' ಜನರ ಕಣ್ಣಿಗೆ ಬಿತ್ತು. ಅದನ್ನು ಬಿಡುಗಡೆ ಮಾಡಲು ಯಾರ ಮುಖಪುಟದ ಅನುಮತಿಯೂ ಬೇಕಾಗಲಿಲ್ಲ, ಒಂದು ವಿಳಾಸ ಸಾಕಾಯಿತು.

ನಮ್ಮ ಉತ್ತರ ಕನ್ನಡದವರೇ ಆದ ನಟೇಶ್ ಹೆಗಡೆ ಅವರ 'ಪೆಡ್ರೋ' 2021ರಲ್ಲಿ ಬೂಸಾನ್ ಚಿತ್ರೋತ್ಸವಕ್ಕೆ ಹೋಯಿತು. ಅವರ 'ವಾಘಾಚಿಪಾಣಿ' 2025ರಲ್ಲಿ ಬರ್ಲಿನ್‌ನ ಫೋರಂ ವಿಭಾಗದಲ್ಲಿ ತೋರಿತು. ನಮ್ಮ ಮಣ್ಣಿನ ಕಥೆ ಹೇಳುವ ಈ ಸಿನಿಮಾಗಳು ನಮ್ಮ ಮನೆ ಟಿವಿಯ ಮುಖಪುಟದಲ್ಲಿ ಒಮ್ಮೆಯೂ ನನಗೆ ಕಂಡಿಲ್ಲ. ಗೇರುಸೊಪ್ಪದಿಂದ ಹೊನ್ನಾವರ ಪೇಟೆಗೆ ಸುಮಾರು 30 ಕಿಲೋಮೀಟರ್. ಮಳೆಗಾಲದಲ್ಲಿ ಸಿನಿಮಾಕ್ಕೆಂದು ಆಯಿ ಅಷ್ಟು ದೂರ ಹೋಗುವವಳಲ್ಲ. ಅವಳಿಗೆ ಥಿಯೇಟರ್ ಅಂದರೆ ಈ ಟಿವಿಯೇ.

ಸಿನಿಮಾ ಮಾತ್ರವೂ ಅಲ್ಲ. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಬರುತ್ತದೆ ಅಂದಾಗ ಊರವರು ಅಹವಾಲು ಸಭೆಯಲ್ಲಿ ಎದ್ದು ನಿಂತು ಮಾತಾಡಿದರು. ಆ ಮಾತುಗಳ ತುಣುಕು ವಿಡಿಯೋಗಳನ್ನು ಆಯಿ ನೋಡಿದ್ದು ಇದೇ ಟಿವಿಯ ಬ್ರೌಸರ್‌ನಲ್ಲಿ, ನಾನು ಹುಡುಕಿ ತೆರೆದುಕೊಟ್ಟ ಮೇಲೆ. ಮುಖಪುಟ ಅಷ್ಟೂ ದಿನ ಹಿಂದಿ ರಿಯಾಲಿಟಿ ಶೋ ತೋರಿಸ್ತಾ ಇತ್ತು. ಅಂಗಡಿ ಬೋರ್ಡ್‌ನಲ್ಲಿ ಶೇ 60 ಕನ್ನಡ ಇರಲೇಬೇಕು ಅಂತ 2024ರಲ್ಲಿ ಕಾನೂನು ತಿದ್ದಿದೆವು. ರಸ್ತೆಯ ಬೋರ್ಡಿಗಿಂತ ಹೆಚ್ಚು ಹೊತ್ತು ನಮ್ಮವರು ನೋಡುವ ಬೋರ್ಡು ಟಿವಿಯ ಈ ಮೊದಲ ಪರದೆ. ಅದರ ಬಗ್ಗೆ ಕನ್ನಡ ಚಳವಳಿ ಇನ್ನೂ ಬಾಯಿ ಬಿಟ್ಟಿಲ್ಲ.

ಸರ್ಕಾರದ ಒಟಿಟಿ ಬರುವ ಮುಂಚೆ

2025ರ ಮಾರ್ಚ್ 7ರ ಬಜೆಟ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ, ಕನ್ನಡ ಸಿನಿಮಾಗಳಿಗಾಗಿ ಸರ್ಕಾರವೇ ಒಟಿಟಿ ವೇದಿಕೆ ಮಾಡುತ್ತದೆ ಅಂದರು. ಅದೇ ಬಜೆಟ್‌ನಲ್ಲಿ ಟಿಕೆಟ್ ದರಕ್ಕೆ 200 ರೂಪಾಯಿ ಮಿತಿಯನ್ನೂ ಘೋಷಿಸಿದರು. ಸುದ್ದಿಯಾದದ್ದು ಟಿಕೆಟ್ ದರ. ಅದಕ್ಕೆ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟದ್ದೂ ಸುದ್ದಿಯಾಯಿತು. ಒಟಿಟಿ ಹೇಗಿರಬೇಕು ಅನ್ನುವ ಚರ್ಚೆ ಮಾತ್ರ ನಡೆಯಲೇ ಇಲ್ಲ. ಕೇರಳ ಇದಕ್ಕೆ ಸರಿಯಾಗಿ ಒಂದು ವರ್ಷ ಮೊದಲೇ, 2024ರ ಮಾರ್ಚ್ 7ರಂದು, 'ಸಿ ಸ್ಪೇಸ್' ಶುರು ಮಾಡಿತ್ತು. ಇಡೀ ತಿಂಗಳ ಚಂದಾ ಇಲ್ಲ, 75 ರೂಪಾಯಿ ಕೊಟ್ಟು ಒಂದು ಸಿನಿಮಾ ನೋಡಬಹುದು.

ಕರ್ನಾಟಕದ ವೇದಿಕೆ ಕೂಡ ಇನ್ನೊಂದು ಆ್ಯಪ್ ಆಗಿ, ಅಂಗಡಿಸಾಲಿನ ಕೊನೆಯಲ್ಲಿ ಕೂತುಬಿಟ್ಟರೆ ಪ್ರಯೋಜನ ಇಲ್ಲ. ನನ್ನ ಬೇಡಿಕೆ ಮೂರೇ ಮೂರು.

ಒಂದು, ಅದು ಮೊದಲು ವೆಬ್‌ಸೈಟ್ ಆಗಿರಲಿ. ಐದಾರು ವರ್ಷ ಹಳೆಯ ಟಿವಿಯ ಬ್ರೌಸರ್‌ನಲ್ಲಿ, ನಿಧಾನ ಇಂಟರ್ನೆಟ್‌ನಲ್ಲಿ ಓಡುತ್ತದೆ ಅಂತ ಪರೀಕ್ಷೆ ಮಾಡಿಯೇ ಬಿಡುಗಡೆ ಮಾಡಲಿ. ರಿಮೋಟಿನ ನಾಲ್ಕು ಬಾಣದಲ್ಲೇ ಎಲ್ಲ ಪುಟಕ್ಕೂ ಹೋಗುವಂತಿರಲಿ. ಪಾಸ್‌ವರ್ಡ್ ಒದ್ದಾಟದ ಬದಲು ಮೊಬೈಲ್‌ನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಸಾಕು ಅನ್ನುವಂತಿರಲಿ.

ಎರಡು, ಸರ್ಕಾರದ ಸಹಾಯಧನ ಪಡೆದ ಸಿನಿಮಾಗಳನ್ನು ನಿರ್ದಿಷ್ಟ ಅವಧಿಯ ನಂತರ ಅಲ್ಲಿ ಡಿಆರ್‌ಎಂ ಇಲ್ಲದೆ ತೋರಿಸಲಿ. ಜನರ ತೆರಿಗೆ ಹಣ ಸೇರಿದ ಸಿನಿಮಾ ನೋಡಲು ಜನ ಯಾವ ಬಹುರಾಷ್ಟ್ರೀಯ ಕಂಪನಿಯ ಕೀಲಿಗೂ ಕಾಯಬಾರದು. ಹೊಸ ಸಿನಿಮಾಗಳಿಗೆ ಬೀಗ ಬೇಕು ಅನ್ನುವ ನಿರ್ಮಾಪಕರಿಗೆ ಬೀಗ ಇರಲಿ, ಆಯ್ಕೆ ಅವರದ್ದು.

ಮೂರು, ಟಿವಿ ಮಾರುವ ಕಂಪನಿಗಳು ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೇವೆ ಅನ್ನುವುದನ್ನು ಪೆಟ್ಟಿಗೆಯ ಮೇಲೇ ಅಚ್ಚು ಹಾಕಬೇಕು. ಪರದೆ ಚೆನ್ನಾಗಿಯೇ ಇರುವ ಟಿವಿಯನ್ನು ತಂತ್ರಾಂಶ ಹಳೆಯದಾಯ್ತು ಅನ್ನುವ ಕಾರಣಕ್ಕೆ ಗುಜರಿಗೆ ಹಾಕಿಸುವುದು ಮೋಸ. ಇದು ರಾಜ್ಯದ ಕೈಯಲ್ಲಿಲ್ಲ, ಕೇಂದ್ರ ಮಾಡಬೇಕಾದ ಕೆಲಸ. ಕೇಳಬೇಕಾದವರು ನಾವು.

ಬ್ರೌಸರ್ ಅಂದರೆ ಎಲ್ಲ ಚಂದ ಅಂತಲೂ ನಾನು ಹೇಳ್ತಿಲ್ಲ. ಟಿವಿಯಲ್ಲಿ ಅದನ್ನು ಬಳಸುವುದು ಒದ್ದಾಟವೇ. ಆ ಮಾಣಿ ತೆರೆದಂಥ ಸೈಟ್‌ಗಳಲ್ಲಿ ಜೂಜಿನ ಜಾಹೀರಾತು, ವೈರಸ್ ಎಲ್ಲ ಬರುತ್ತವೆ. ಆದರೂ ಅದನ್ನು ಉಳಿಸಿಕೊಳ್ಳಬೇಕು. ನಮ್ಮ ಕಡೆ ಯಕ್ಷಗಾನಕ್ಕೆ ಎರಡು ದಾರಿ ಇತ್ತು: ಟಿಕೆಟ್ ಕೊಟ್ಟು ಒಳಗೆ ಹೋಗುವ ಡೇರೆ ಆಟ, ಕೊಯ್ಲು ಮುಗಿದ ಗದ್ದೆಯಲ್ಲಿ ನಡೆಯುವ ಬಯಲಾಟ. ಡೇರೆ ಮೇಳಗಳು ದೊಡ್ಡ ಕಲಾವಿದರನ್ನು ಸಾಕಿದವು, ಅದು ತಪ್ಪಲ್ಲ. ಆದರೆ ಡೇರೆಯವರು ಕರೆಯದ ಮೇಳಕ್ಕೂ ಗದ್ದೆ ಇತ್ತು. ಊರಿನ ಎಲ್ಲ ಗದ್ದೆಗಳಿಗೂ ಡೇರೆಯವರೇ ಬೇಲಿ ಹಾಕಿದ್ದರೆ ಯಕ್ಷಗಾನ ಇವತ್ತು ಎಷ್ಟು ಉಳಿಯುತ್ತಿತ್ತು?

ಮರುದಿನ ಹೊನ್ನಾವರಕ್ಕೆ ಹೋಗಿ ಎಚ್‌ಡಿಎಂಐ ಕೇಬಲ್ ತಂದೆ. ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿ ಆಯಿಗೆ ಸಿನಿಮಾ ತೋರಿಸಿದೆ. ಅವಳಿಗೆ ಇಷ್ಟವಾಯ್ತು. ನಾನು ಬೆಂಗಳೂರಿಗೆ ಹೊರಟಾಗ ಲ್ಯಾಪ್‌ಟಾಪ್ ನನ್ನ ಜತೆ ಬಂತು. ಕೇಬಲ್ ಟಿವಿಯ ಹಿಂದೆ ನೇತಾಡ್ತಾ ಇದೆ. ಮೊನ್ನೆ ಫೋನ್ ಮಾಡಿದಾಗ ಆಯಿ ಕೇಳಿದಳು, "ಆ ಮಾಣಿ ಹತ್ರ ಹೇಳ್ಲಾ?"