ನಾಗಪುರದ ಬೇಸಗೆಯೂ ಡೆಂಗಿ ಜ್ವರದ ವೆಚ್ಚವೂ

ಮೇ ತಿಂಗಳಲ್ಲಿ 45 ಡಿಗ್ರಿಯನ್ನು ಮುಟ್ಟುವ ನಾಗಪುರದ ಬಿಸಿಲು ನಮಗೆ ಹೊಸತಲ್ಲ. ಆದರೆ 2024ನೆಯ ಇಸವಿಯು ಅದುವರೆಗಿನ ದಾಖಲೆಗಳಲ್ಲೇ ಅತ್ಯಂತ ಬಿಸಿಯಾದ ವರ್ಷವೆಂದು ವಿಶ್ವ ಹವಾಮಾನ ಸಂಸ್ಥೆ ಸಾರಿತು. ಅದೇ ವರ್ಷ ಜಗತ್ತಿನಲ್ಲಿ ಒಂದು ಕೋಟಿಗೂ ಮಿಕ್ಕಿ ಡೆಂಗಿ ಪ್ರಕರಣಗಳು ವರದಿಯಾದವು. ಇವೆರಡಕ್ಕೂ ಸಂಬಂಧವುಂಟೆ? ಉಂಟಾದರೆ ಅದರ ವೆಚ್ಚವನ್ನು ಹೊರುವವರು ಯಾರು?

ಸಂಬಂಧವುಂಟು, ಆದರೆ ಅದು ಸರಳವಾದುದಲ್ಲ. ಸೆಕೆ ಏರಿದಂತೆ ಸೊಳ್ಳೆಯ ಒಡಲಿನಲ್ಲಿ ರೋಗಾಣು ಬೇಗ ಬಲಿಯುತ್ತದೆ. ಸೆಕೆ ಮಿತಿಮೀರಿದರೆ ಸೊಳ್ಳೆಯೇ ಬದುಕಲಾರದು. ಆದುದರಿಂದಲೇ ಇಲ್ಲಿ ಡೆಂಗಿ ಹೆಚ್ಚುವುದು ಮೇ ತಿಂಗಳಲ್ಲಲ್ಲ, ಮಳೆಗಾಲದಲ್ಲಿ ಮತ್ತು ಅದರ ತರುವಾಯ. ನಗರದ ಜನಸಂದಣಿ, ಪ್ರಯಾಣ, ನೀರಿನ ಶೇಖರಣೆ ಇವೂ ಕಾರಣಗಳೇ. ಬಿಸಿಲನ್ನು ತಾಳಲೆಂದು ನಾವು ಇರಿಸಿದ ಕೂಲರಿನ ತೊಟ್ಟಿಯ ತಿಳಿನೀರು ಈಡಿಸ್ ಸೊಳ್ಳೆಗೆ ಪ್ರಿಯವಾದ ನೆಲೆ. ತೊಟ್ಟಿಯ ಗೋಡೆಗೆ ಅಂಟಿದ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮಳೆನೀರು ಸೋಕಿದೊಡನೆ ಮರಿಯಾಗುತ್ತವೆ.

ಡೆಂಗಿಗೆ ನೇರವಾದ ಔಷಧವಿಲ್ಲ; ವಿಶ್ರಾಂತಿ, ದ್ರವಾಹಾರ, ವೈದ್ಯರ ಎಚ್ಚರಿಕೆ ಇವೇ ಚಿಕಿತ್ಸೆ. ಆದಕಾರಣ ಖರ್ಚಿನ ಭಾರವೆಲ್ಲ ರಕ್ತಪರೀಕ್ಷೆ, ಆಸ್ಪತ್ರೆಯ ಹಾಸಿಗೆ ಮತ್ತು ತಪ್ಪಿದ ಕೂಲಿಯ ಮೇಲೆ ಬೀಳುತ್ತದೆ. ಗುಮಾಸ್ತನಿಗೆ ರಜೆಯಾದರೂ ಉಂಟು. ದಿನಗೂಲಿಯ ಸಪ್ಲಾಯರನು ಒಂದು ವಾರ ಮಲಗಿದರೆ ಊರಿಗೆ ಹೋಗಬೇಕಾದ ಹಣವೇ ಕರಗುತ್ತದೆ. ನೌಕರರ ರಾಜ್ಯ ವಿಮಾ ಯೋಜನೆಯು ಕಾಯಿಲೆಯ ಕಾಲದಲ್ಲಿ ವೇತನದ ನೂರಕ್ಕೆ 70ರಷ್ಟನ್ನು ವರ್ಷಕ್ಕೆ 91 ದಿನಗಳವರೆಗೆ ಕೊಡುತ್ತದೆ. ಆದರೆ ಹೆಸರು ದಾಖಲಾಗಿ ವಂತಿಗೆ ಸಂದಿರಬೇಕು. 2019ರ ಜುಲೈಯಲ್ಲಿ ಮಾಲೀಕರ ಪಾಲನ್ನು ನೂರಕ್ಕೆ 3.25ಕ್ಕೂ, ನೌಕರನ ಪಾಲನ್ನು 0.75ಕ್ಕೂ ಇಳಿಸಲಾಯಿತು. ಈ ಅಲ್ಪ ಮೊತ್ತವನ್ನು ಉಳಿಸಲು ನೌಕರನ ಹೆಸರನ್ನು ಪಟ್ಟಿಯಿಂದ ಬಿಡುವುದೆಂದರೆ, ರೋಗದ ಪೂರ್ಣ ವೆಚ್ಚವನ್ನು ಅವನ ತಲೆಗೆ ಕಟ್ಟುವುದೇ ಸರಿ.

ಸರ್ಕಾರಕ್ಕೂ ಇದರಲ್ಲಿ ಪಾಠವುಂಟು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. 1965ರ ಹೊತ್ತಿಗೆ ದೇಶದ ಪ್ರಕರಣಗಳು ಸುಮಾರು ಒಂದು ಲಕ್ಷಕ್ಕೆ ಇಳಿದವು. ಬಳಿಕ ಎಚ್ಚರ ಸಡಿಲಿತು, ಸೊಳ್ಳೆಗಳು ಡಿ.ಡಿ.ಟಿ.ಗೆ ಜಗ್ಗದಾದವು, 1976ರಲ್ಲಿ ಪ್ರಕರಣಗಳು 64 ಲಕ್ಷಕ್ಕೇರಿದವು. ರೋಗ ತಗ್ಗಿದಾಗ ಕೈಬಿಗಿಹಿಡಿದವರು ಅದು ಮರಳಿದಾಗ ಹಲವು ಪಟ್ಟು ತೆರಬೇಕಾಗುತ್ತದೆ.

ಜಗತ್ತಿನ ತಾಪವನ್ನು ಇಳಿಸುವುದು ನಮ್ಮ ಬಂಧುಗಳೊಬ್ಬರ ಕೈಯಲ್ಲಿಲ್ಲ. ವಾರಕ್ಕೊಮ್ಮೆ ಕೂಲರಿನ ನೀರು ಚೆಲ್ಲಿ ತೊಟ್ಟಿಯನ್ನು ಉಜ್ಜಿ ಒಣಗಿಸುವುದು, ವಿಮಾ ಪಟ್ಟಿಯಲ್ಲಿ ತಮ್ಮ ಹೆಸರಿದೆಯೇ ಎಂದು ಮಾಲೀಕರನ್ನು ವಿಚಾರಿಸುವುದು ಇವೆರಡೂ ಕೈಯಲ್ಲಿವೆ. ಮಳೆ ಬರುವ ಮೊದಲೇ ಇವನ್ನು ಮಾಡತಕ್ಕದ್ದು.