ಹಡಗು ಹತ್ತುವ ಮೊದಲು ಒಂದು ಪುಟ

ಮಕ್ಕಳೇ, ಪರೀಕ್ಷೆ ಮುಗಿಯಿತಾ? ನಮ್ಮ ಮನೆಯಲ್ಲಿ ಪರೀಕ್ಷೆ ಮುಗಿದರೂ ಗಡಿಬಿಡಿ ಮುಗಿದಿಲ್ಲ. ಮೊಮ್ಮಗ ಐದನೇ ಕ್ಲಾಸು ದಾಟಿದ್ದಾನೆ. ಆರನೆಯದಕ್ಕೆ ಅವನನ್ನು ಘಟ್ಟದ ಮೇಲಿನ ಒಂದು ಹಾಸ್ಟೆಲ್ ಶಾಲೆಗೆ ಸೇರಿಸುವುದೆಂದು ಮಗ, ಸೊಸೆ ಮಾತಾಡಿಕೊಂಡಿದ್ದಾರೆ. ಅರ್ಜಿಯ ಜೊತೆ ಹುಡುಗ ತನ್ನ ಕೈಬರಹದಲ್ಲೇ ಒಂದು ಪುಟ ಬರೆದು ಕಳಿಸಬೇಕಂತೆ. ವಿಷಯ: ‘ನನ್ನ ಇಲ್ಲಿಯವರೆಗಿನ ಜೀವನ’.

ಎರಡು ದಿನದಿಂದ ಆ ಖಾಲಿ ಹಾಳೆ ಊಟದ ಮೇಜಿನ ಮೇಲೆ ಫ್ಯಾನಿನ ಗಾಳಿಗೆ ಹಾರುತ್ತಾ ಇತ್ತು. ಮೂರನೇ ದಿನ ಅವನು ನನ್ನ ಹತ್ತಿರ ಬಂದ.

“ಅಜ್ಜಿ, ನಂಗೆ ಹನ್ನೊಂದು ವರ್ಷ ಅಷ್ಟೆ. ಹನ್ನೊಂದು ವರ್ಷದಲ್ಲಿ ಬರೀಲಿಕ್ಕೆ ಏನು ಆಗಿರ್ತದೆ?”

ಪ್ರಶ್ನೆ ಸರಿಯಾಗಿಯೇ ಇದೆ. ನನಗೆ ಎಪ್ಪತ್ತಮೂರು, ನನಗೇ ಒಂದು ಪುಟ ತುಂಬುವಷ್ಟು ಹೊಳೆಯುತ್ತದೋ ಇಲ್ಲವೋ. ಹಾಗಾಗಿ ಉತ್ತರ ಕೊಡುವ ಬದಲು ಕಪಾಟಿನ ಕೆಳಗಿನ ಅರೆಯಿಂದ ಒಂದು ದಪ್ಪ ಪುಸ್ತಕ ತೆಗೆಯಲು ಹೇಳಿದೆ. ಅದು ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು. ನಮ್ಮಲ್ಲಿರುವುದು ಮರುಮುದ್ರಣದ ಪ್ರತಿ. ಇವನ ಅಪ್ಪ ಚಿಕ್ಕವನಿದ್ದಾಗ ಊಟದ ಮೇಜು ಎಟುಕದೆ ಇದರ ಮೇಲೆ ಕೂತು ಉಂಡಿದ್ದಾನೆ. ನಿಘಂಟಿಗೆ ಆ ಉಪಯೋಗವೂ ಉಂಟು.

“ಇದನ್ನು ಬರೆದವನೂ ನಿನ್ನ ಹಾಗೆ ಒಂದು ದಿನ ಖಾಲಿ ಹಾಳೆ ಮುಂದಿಟ್ಟುಕೊಂಡು ಕೂತಿದ್ದ, ಗೊತ್ತುಂಟಾ?” ಎಂದೆ.

ಆ ಕತೆಯನ್ನು ನಿಮಗೂ ಹೇಳುತ್ತೇನೆ.

ಜರ್ಮನಿಯ ಭೂಪಟದಲ್ಲಿ ವಾಯವ್ಯ ಮೂಲೆಯನ್ನು ನೋಡಿ. ಉತ್ತರ ಸಮುದ್ರದ ಅಂಚಿನ ಆ ತಗ್ಗು ನೆಲದ ಹೆಸರು ಪೂರ್ವ ಫ್ರೀಸ್‌ಲ್ಯಾಂಡ್. ಗುಡ್ಡವಿಲ್ಲ, ಕಾಡಿಲ್ಲ, ಬರೀ ಗಾಳಿ. ಸಮುದ್ರ ಒಳಗೆ ನುಗ್ಗದಂತೆ ಉದ್ದಕ್ಕೂ ಮಣ್ಣಿನ ಏರಿ ಕಟ್ಟಿಕೊಂಡು ಬದುಕುವ ಜನ. ಚಹಾ ಎಂದರೆ ಪ್ರಾಣ. ಅಲ್ಲಿ ರೆಸ್ಟರ್‌ಹಾಫೆ ಎಂಬ ಪುಟ್ಟ ಊರಿನಲ್ಲಿ 1832ರ ಏಪ್ರಿಲ್ 7ರಂದು ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ. ಅಪ್ಪ ಚರ್ಚಿನ ಪಾದ್ರಿ. ಆ ಸೀಮೆಯ ಜನ ಮನೆಯಲ್ಲಿ ಆಡುವ ಮಾತೇ ಬೇರೆ, ಶಾಲೆಯ ಜರ್ಮನ್ ಬೇರೆ. ಮನೆಯಲ್ಲಿ ತುಳು ಮಾತಾಡಿ ಶಾಲೆಯಲ್ಲಿ ಕನ್ನಡ ಕಲಿತ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಔರಿಕ್ ಎಂಬ ಪೇಟೆಯ ಶಾಲೆಯಲ್ಲಿ ಲ್ಯಾಟಿನ್, ಗ್ರೀಕ್, ಹೀಬ್ರೂ ಎಲ್ಲ ಕಲಿತ. ಭಾಷೆ ಅಂದರೆ ಅವನಿಗೆ ಬೆಲ್ಲ.

ಹದಿನೆಂಟರ ಆಸುಪಾಸಿನಲ್ಲಿ ಅವನು ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಪಟ್ಟಣದ ಮಿಶನ್ ಶಾಲೆ ಸೇರಿದ. 1815ರಲ್ಲಿ ಶುರುವಾದ ಬಾಸೆಲ್ ಮಿಶನ್ ದೂರದೇಶಗಳಿಗೆ ಕ್ರೈಸ್ತ ಧರ್ಮಪ್ರಚಾರಕರನ್ನು ಕಳಿಸುತ್ತಿದ್ದ ಸಂಸ್ಥೆ. ಹೌದು, ಅವರು ಹೊರಡುತ್ತಿದ್ದುದು ಮತಪ್ರಚಾರಕ್ಕೇ. ಅದನ್ನು ಮುಚ್ಚಿಡಬೇಕಾಗಿಯೂ ಇಲ್ಲ, ಅದೊಂದನ್ನೇ ಹಿಡಿದು ಉಳಿದದ್ದನ್ನು ಮರೆಯಬೇಕಾಗಿಯೂ ಇಲ್ಲ.

ಈ ಮಿಶನ್ನಿಗೆ ಅರ್ಜಿ ಹಾಕುವ ಪ್ರತಿಯೊಬ್ಬ ಹುಡುಗನೂ ತನ್ನ ಜೀವನವನ್ನು ತಾನೇ ಬರೆದು ಕೊಡಬೇಕಿತ್ತು. ಜರ್ಮನ್ ಭಾಷೆಯಲ್ಲಿ ಅದಕ್ಕೆ ‘ಲೇಬೆನ್ಸ್‌ಲೌಫ್’ ಎನ್ನುತ್ತಾರೆ. ಲೇಬೆನ್ ಅಂದರೆ ಬದುಕು, ಲೌಫ್ ಅಂದರೆ ಓಟ. ಬದುಕಿನ ಓಟ! ಈಗಲೂ ಆ ದೇಶದಲ್ಲಿ ಕೆಲಸಕ್ಕೆ ಅರ್ಜಿ ಹಾಕುವಾಗ ಕೊಡುವ ಕಾಗದಕ್ಕೆ ಇದೇ ಹೆಸರು. ಆದರೆ ಈಗಿನವರು ಬರೀ ಅಂಕ, ಡಿಗ್ರಿ, ಬಹುಮಾನ ಬರೆಯುತ್ತಾರೆ. ಅಂದು ಹಾಗಲ್ಲ. ಯಾರ ಮನೆಯವನು, ಹೇಗೆ ಬೆಳೆದೆ ಎನ್ನುವುದರ ಜೊತೆ ಎಲ್ಲಿ ದಾರಿ ತಪ್ಪಿದೆ, ಮನಸ್ಸು ಯಾವಾಗ ಹೇಗೆ ತಿರುಗಿತು ಎಂಬುದನ್ನೂ ಬರೆಯಬೇಕು. ಅರ್ಜಿ ಹಾಕುತ್ತಿದ್ದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ರೈತರ, ಕುಶಲಕರ್ಮಿಗಳ ಮಕ್ಕಳು. ಉಳಿ, ನೇಗಿಲು ಹಿಡಿದ ಕೈ ಲೇಖನಿ ಹಿಡಿದು ತನ್ನ ತಪ್ಪನ್ನು ತಾನೇ ಬರೆಯುವುದೆಂದರೆ ಸುಲಭವಾ ಹೇಳಿ.

ಎಲ್ಲರ ಓಟವೂ ಒಂದೇ ಥರ ಇರಲಿಲ್ಲ. 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದಿಳಿದ ಮೊದಲ ಮೂವರಲ್ಲಿ ಒಬ್ಬರು ಸ್ಯಾಮ್ಯುಯೆಲ್ ಹೆಬಿಕ್. ಮಿಶನ್ ಸೇರುವ ಮೊದಲು ಅವರು ವ್ಯಾಪಾರದ ಕೆಲಸದಲ್ಲಿದ್ದು, ಅದಕ್ಕಾಗಿ ಸ್ವೀಡನ್, ಫಿನ್‌ಲ್ಯಾಂಡ್, ರಷ್ಯಾ ಸುತ್ತಿದ್ದವರು. ಅವರಿಗೆ ಬರೆಯಲು ಬೇಕಾದಷ್ಟಿತ್ತು. ಆಮೇಲೆ ಬಂದ ಹರ್ಮನ್ ಮೋಗ್ಲಿಂಗ್ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಓದಿದವರು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿದ್ದು ಇವರೇ. ಅದು ಕನ್ನಡದ ಮೊದಲ ಪತ್ರಿಕೆ. ಜುಲೈ ಒಂದರಂದು ನಮ್ಮಲ್ಲಿ ಪತ್ರಿಕಾ ದಿನ ಆಚರಿಸುವುದು ಅದಕ್ಕಾಗಿಯೇ.

ಆದರೆ ಕಿಟ್ಟೆಲ್ ಎಂಬ ಹುಡುಗನಿಗೆ? ಒಂದು ಹಳ್ಳಿ, ಒಂದು ಶಾಲೆ, ಒಂದಷ್ಟು ಭಾಷೆ. ಓಟ ಇನ್ನೂ ಶುರುವೇ ಆಗಿರಲಿಲ್ಲ.

ಮೊಮ್ಮಗ ನಡುವೆ ಬಾಯಿ ಹಾಕಿದ. “ಇಂಡಿಯಾಕ್ಕೆ ಬರ್ತೇನೆ ಅಂತ ಅವನೇ ಹೇಳಿದ್ದಾ?”

ಇಲ್ಲ. ಯಾರು ಎಲ್ಲಿಗೆ ಎಂದು ತೀರ್ಮಾನಿಸುತ್ತಿದ್ದುದು ಬಾಸೆಲ್ಲಿನ ಕಮಿಟಿ. ಕೆಲವು ವರ್ಷ ಮಿಶನ್ ಮನೆಯಲ್ಲಿದ್ದು ಪಾಠ, ಪ್ರಾರ್ಥನೆ, ಜೊತೆಗೆ ಕೈಕೆಲಸ ಎಲ್ಲ ಕಲಿತ ಮೇಲೆ ಹೆಸರು ಕೂಗುತ್ತಾರೆ. ಒಬ್ಬನಿಗೆ ಚೀನಾ, ಒಬ್ಬನಿಗೆ ಇಂಡಿಯಾ, ಇನ್ನೊಬ್ಬನಿಗೆ ಪಶ್ಚಿಮ ಆಫ್ರಿಕಾದ ಗೋಲ್ಡ್ ಕೋಸ್ಟ್, ಅಂದರೆ ಇಂದಿನ ಘಾನಾ. ಗೋಲ್ಡ್ ಕೋಸ್ಟ್ ಎಂದರೆ ಮನೆಯವರ ಎದೆ ಝಲ್ಲೆನ್ನುತ್ತಿದ್ದಿರಬೇಕು. 1828ರಲ್ಲಿ ಅಲ್ಲಿಗೆ ಹೋದ ಮೊದಲ ನಾಲ್ವರಲ್ಲಿ ಮೂವರು ಮರುವರ್ಷವೇ ತೀರಿಕೊಂಡಿದ್ದರು. ಇದು ಗೊತ್ತಿದ್ದೂ ಹುಡುಗರು ಅರ್ಜಿ ಹಾಕಿದರು. ಹಾಗೆ ನೋಡಿದರೆ ಅವರು ಬರೆದುಕೊಟ್ಟ ಆ ಜೀವನವೃತ್ತಾಂತ ಬರೀ ಅರ್ಜಿಯಲ್ಲ. ಇಲ್ಲಿಯವರೆಗೆ ನಾನು ಇಷ್ಟು, ಇನ್ನು ಮುಂದಿನದು ಗೊತ್ತಿಲ್ಲ ಎಂದು ಗೆರೆ ಎಳೆದ ಹಾಗೆ.

ಕಿಟ್ಟೆಲರ ಪಾಲಿಗೆ ಬಂದದ್ದು ಇಂಡಿಯಾ. 1853ರಲ್ಲಿ ಹೊರಟಾಗ ವಯಸ್ಸು ಇಪ್ಪತ್ತೊಂದು. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ, ಅದಕ್ಕೆ ಮೊದಲು ಆಫ್ರಿಕಾದ ತುದಿ ಸುತ್ತಿ ಬರುವ ಹಡಗುಗಳಿಗೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ವಿಡಿಯೊ ಕಾಲ್ ಇಲ್ಲ, ಫೋನ್ ಇಲ್ಲ. ಮಗ ಮುಟ್ಟಿದನೋ ಇಲ್ಲವೋ ಎಂದು ತಿಳಿಯಲು ಕಾಗದ ಬರುವವರೆಗೆ ಕಾಯಬೇಕು.

ಅಜ್ಜ–ಅಜ್ಜಿಯರೇ, ಈ ಮಾತು ನಿಮಗೆ. ಹೊರಟವರ ಬಗ್ಗೆ ಪುಸ್ತಕ ಬರೆಯುತ್ತಾರೆ, ಪ್ರತಿಮೆ ನಿಲ್ಲಿಸುತ್ತಾರೆ. ಬಾಗಿಲಲ್ಲಿ ನಿಂತು ಕೈಬೀಸಿದವರ ಬಗ್ಗೆ ಯಾರು ಬರೆಯುತ್ತಾರೆ? ಇನ್ನೂ ಒಂದು ವಿಷಯವುಂಟು, ಅದನ್ನು ಓದಿದಾಗ ನನಗೆ ಸಂಕಟವಾಯಿತು. ಇಲ್ಲಿ ನೆಲೆಸಿದ ಮಿಶನರಿಗಳ ಮಕ್ಕಳು ಶಾಲೆಯ ವಯಸ್ಸಿಗೆ ಬಂದರೆ ಅವರನ್ನು ಅಪ್ಪ–ಅಮ್ಮನಿಂದ ಬಿಡಿಸಿ ಓದಲಿಕ್ಕೆಂದು ಯುರೋಪಿಗೆ ಕಳಿಸಿಬಿಡುತ್ತಿದ್ದರು. ಅದಕ್ಕೆಂದೇ ಬಾಸೆಲ್ಲಿನಲ್ಲಿ ಮಕ್ಕಳ ಮನೆ ಇತ್ತು. ಮಲಯಾಳ ನಿಘಂಟು ಬರೆದ ಹರ್ಮನ್ ಗುಂಡರ್ಟರ ಮಗಳು ಮರಿಯ ತಲಶ್ಶೇರಿಯಲ್ಲಿ ಹುಟ್ಟಿದವಳು. ಅವಳನ್ನೂ ಚಿಕ್ಕವಳಿದ್ದಾಗಲೇ ಹಾಗೆ ಕಳಿಸಿದ್ದರು. ಮುಂದೆ ಅವಳ ಮಗ ಹರ್ಮನ್ ಹೆಸ್ಸೆ ನೊಬೆಲ್ ಬಹುಮಾನ ಪಡೆದ ಲೇಖಕನಾದ, ಅದು ಬೇರೆ ಮಾತು. ಅಷ್ಟು ಚಿಕ್ಕ ಮಗುವನ್ನು ಹಡಗಿಗೆ ಹತ್ತಿಸಿದ್ದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಹಾಸ್ಟೆಲ್ ವಿಷಯದಲ್ಲಿ ನಾನು ಮಗನ ಹತ್ತಿರ ಎರಡು ಸಲ ಮಾತಾಡಿದ್ದೇನೆ. ಮೂರನೇ ಸಲ ಆಡಲಿಲ್ಲ. ಘಟ್ಟ ಹತ್ತಿದರೆ ನಾಲ್ಕು ಗಂಟೆಯ ದಾರಿ, ತಿಂಗಳಿಗೊಮ್ಮೆ ನೋಡಿ ಬರಬಹುದು ಅಂತ ನನಗೆ ನಾನೇ ಹೇಳಿಕೊಂಡಿದ್ದೇನೆ.

ಕಿಟ್ಟೆಲರ ಮುಂದಿನ ಕತೆ ನಿಮ್ಮ ಪಾಠದಲ್ಲೇ ಬರುತ್ತದೆ, ಬೇಗ ಹೇಳಿ ಮುಗಿಸುತ್ತೇನೆ. ಮಂಗಳೂರು, ಧಾರವಾಡ, ಮಡಿಕೇರಿ ಎಂದು ಓಡಾಡಿದರು. ಮದುವೆಯಾದ ನಾಲ್ಕೇ ವರ್ಷಕ್ಕೆ ಹೆಂಡತಿ ತೀರಿಕೊಂಡರು. ಕೇಶಿರಾಜನ ‘ಶಬ್ದಮಣಿದರ್ಪಣ’, ನಾಗವರ್ಮನ ‘ಛಂದೋಂಬುಧಿ’ಯಂಥ ಹಳಗನ್ನಡ ಗ್ರಂಥಗಳನ್ನು ಅಚ್ಚಿಗೆ ಸಿದ್ಧಮಾಡಿದರು. ಊರಿಗೆ ಹೋಗಿ, ನಿಘಂಟಿನ ಕೆಲಸಕ್ಕಾಗಿ ಮತ್ತೆ ಬಂದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಿಂದ ಆ ನಿಘಂಟು ಹೊರಬಂತು. ಸುಮಾರು 70,000 ಶಬ್ದ, 1,700ಕ್ಕೂ ಹೆಚ್ಚು ಪುಟ. ಎರಡು ವರ್ಷದ ಮೇಲೆ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅದೇ ಊರಿನಲ್ಲಿ ತೀರಿಕೊಂಡರು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಗೆ ಹೋದರೆ ಅವರ ಪ್ರತಿಮೆ ನೋಡಿ ಬನ್ನಿ.

“ಇದೆಲ್ಲ ಅವನ ಪುಟದಲ್ಲಿ ಇರ್ಲಿಲ್ಲ ಅಲ್ವಾ ಅಜ್ಜಿ?” ಎಂದ ಮೊಮ್ಮಗ.

“ಹೇಗೆ ಇರ್ತದೆ ಮಾರಾಯ? ಆಗ ಅವನಿಗೆ ಕನ್ನಡದ ಅ ಆ ಕೂಡಾ ಬರ್ತಿರ್ಲಿಲ್ಲ.”

ಅವನು ಸ್ವಲ್ಪ ಹೊತ್ತು ನಿಘಂಟಿನ ಪುಟ ತಿರುಗಿಸಿದ. ಆಮೇಲೆ ಕೇಳಿದ, “ತಪ್ಪು ಮಾಡಿದ್ದನ್ನೂ ಬರೀಬೇಕಾ?”

“ಅವರು ಬರೆಯಬೇಕಿತ್ತು. ನಿನ್ನ ಶಾಲೆಯವರು ಕೇಳಿಲ್ಲ. ಮನಸ್ಸಿದ್ದರೆ ಬರೆ.”

ಹಾಳೆ ತೆಗೆದುಕೊಂಡು ಒಳಗೆ ಹೋದ. ಒಂದೂವರೆ ಗಂಟೆ ಸದ್ದೇ ಇಲ್ಲ. ಸಂಜೆ ಅವನ ಅಮ್ಮ ಆ ಪುಟವನ್ನು ನನ್ನ ಕೈಗೆ ಕೊಟ್ಟು, ಅಕ್ಷರ ತಪ್ಪಿದ್ದರೆ ತಿದ್ದಿ ಅತ್ತೆ ಎಂದಳು. ಹುಟ್ಟಿದ ಊರು, ಮೊದಲ ದಿನ ಶಾಲೆಯಲ್ಲಿ ಅತ್ತದ್ದು, ಅಜ್ಜನ ಜೊತೆ ನೇತ್ರಾವತಿಯಲ್ಲಿ ದೋಣಿಯಲ್ಲಿ ಹೋದದ್ದು, ಅಜ್ಜ ಹೋದ ವರ್ಷ ಯಾರೂ ಅವನಿಗೆ ಸರಿಯಾಗಿ ಏನೂ ಹೇಳದೆ ಇದ್ದದ್ದು. ಆ ಸಾಲಿನ ಹತ್ತಿರ ನಾನು ಕನ್ನಡಕ ತೆಗೆದು ಒರೆಸಿಕೊಂಡೆ.

ಕೊನೆಯ ಪ್ಯಾರಾ ಹೀಗಿತ್ತು. ಮೂರನೇ ಕ್ಲಾಸಿನಲ್ಲಿದ್ದಾಗ ಮಾವಿನ ಮಿಡಿ ಉಪ್ಪಿನಕಾಯಿಯ ಭರಣಿ ಒಡೆದದ್ದು ತಾನೇ, ಬೆಕ್ಕಲ್ಲ. ಬೆಕ್ಕಿಗೆ ಎರಡು ದಿನ ಹಾಲು ಹಾಕಲಿಲ್ಲ. ಅಜ್ಜಿಗೆ ಇದು ಗೊತ್ತಿಲ್ಲ.

ಅಕ್ಷರ ತಪ್ಪು ಮೂರಿತ್ತು. ಎರಡನ್ನು ತಿದ್ದಿದೆ. ‘ಭರಣಿ’ಯನ್ನು ‘ಬರಣಿ’ ಎಂದು ಬರೆದಿದ್ದ, ಅದನ್ನು ಹಾಗೇ ಬಿಟ್ಟೆ. ಬೆಕ್ಕಿಗೆ ಆ ರಾತ್ರಿ ಹಾಲು ಸ್ವಲ್ಪ ಜಾಸ್ತಿಯೇ ಹಾಕಿದೆ.