ಅಮ್ಮ ಇಲ್ಲದ ಸಾಲು

ಗೋವಿನ ಹಾಡಿನ ಸೊಗಸನ್ನು ವಿವರಿಸಿ ಎಂದರೆ ಬಹಳಷ್ಟು ವಿದ್ಯಾರ್ಥಿಗಳು ‘ಆದಿಪ್ರಾಸವಿದೆ, ಪುನರುಕ್ತಿಯಿದೆ, ಗೇಯಗುಣವಿದೆ’ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಬರೆದದ್ದು ಸುಳ್ಳಲ್ಲ. ಆದರೆ ಇಷ್ಟನ್ನು ಎಷ್ಟೋ ಪದ್ಯಗಳ ಬಗ್ಗೆ ಬರೆಯಬಹುದು. ಪುಣ್ಯಕೋಟಿಯ ಕಥೆಯಲ್ಲಿ ಆ ಪ್ರಾಸ, ಆ ಪುನರುಕ್ತಿ ಯಾವ ಕೆಲಸ ಮಾಡುತ್ತವೆ?

ಮೊದಲು ನಡಿಗೆ. ಆರಂಭದ ಪದ್ಯಕ್ಕೆ ಪ್ರಸ್ತಾರ ಹಾಕಿ ನೋಡಿ. ಬಹುಮಟ್ಟಿಗೆ ಮೂರು ಮಾತ್ರೆಯ ಗಣ, ನಾಲ್ಕು ಮಾತ್ರೆಯ ಗಣ ಒಂದಾದ ಮೇಲೊಂದು ಬರುತ್ತವೆ. ಕುಮಾರವ್ಯಾಸನ ಭಾಮಿನಿ ಷಟ್ಪದಿಯ ನಡಿಗೆಯೂ ಇದೇ. ನಾಲ್ಕನೆಯ ಸಾಲು ಮಾತ್ರ ಮೊಟಕು. ಮುಂದೆ ಅಲ್ಲಲ್ಲಿ ಒಂದೆರಡು ಮಾತ್ರೆ ಕಡಿಮೆ ಬಿದ್ದರೆ ಗಾಬರಿ ಬೇಡ, ಹಾಡುವವರು ಸ್ವರ ಎಳೆದು ತುಂಬಿಕೊಳ್ಳುತ್ತಾರೆ. ತಂದೆತಾಯಿಯರೂ ಅಷ್ಟೆ, ಲಘು ಗುರು ಹಾಕಿಸುವ ಮುನ್ನ ಮಕ್ಕಳಿಂದ ಒಮ್ಮೆ ಹಾಡಿಸಿ.

ಇನ್ನು ಕರುವಿನ ಪದ್ಯ. ತಾಯಿ ಹುಲಿಗೆ ಮಾತು ಕೊಟ್ಟು ಬಂದಿದ್ದಾಳೆ. ಹಾಲಿಗೆ, ಮಲಗಲಿಕ್ಕೆ, ಬಾಳಲಿಕ್ಕೆ ಇನ್ನು ದಿಕ್ಕು ಯಾರೆಂಬುದು ಕರುವಿನ ಪ್ರಶ್ನೆ. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರುವುದು ಆದಿಪ್ರಾಸ. ಇಲ್ಲಿ ಅದು ರಕಾರ. ಅದಕ್ಕಾಗಿ ಕವಿ ನಾಲ್ಕು ಬೇರೆ ಬೇರೆ ಪದ ಹುಡುಕಿಲ್ಲ. ‘ಆರ’ ಎಂಬ ಪ್ರಶ್ನೆಯನ್ನೇ ಮೂರು ಸಾಲುಗಳ ತಲೆಯಲ್ಲಿಟ್ಟು, ನಾಲ್ಕನೆಯದಕ್ಕೆ ‘ಆರು’ ಎಂದಿದ್ದಾನೆ. ಪ್ರಾಸವೂ ಅದೇ, ಪುನರುಕ್ತಿಯೂ ಅದೇ, ಕರುವಿನ ಭಯವೂ ಅದೇ. ಈಗ ಸಾಲುಗಳ ಕೊನೆ ನೋಡಿ. ಮೂರು ಸಾಲು ‘ಅಮ್ಮ’ ಎಂದು ಮುಗಿಯುತ್ತವೆ. ನಾಲ್ಕನೆಯದರಲ್ಲಿ ಆ ಕರೆ ಇಲ್ಲ. ಮೊಟಕಾದ ಆ ಸಾಲಿನಲ್ಲಿ ಅಮ್ಮನಿಗೆ ಜಾಗವಿಲ್ಲ! ತಾಯಿ ಹೋದ ಮೇಲೆ ದೊಡ್ಡಿ ಹೇಗಿದ್ದೀತು ಎಂಬುದು ಕಿವಿಗೆ ಮೊದಲೇ ತಿಳಿದುಬಿಡುತ್ತದೆ.

ಪುಣ್ಯಕೋಟಿ ಉಳಿದ ಹಸುಗಳಿಗೆ ಕರುವನ್ನು ಒಪ್ಪಿಸುವಾಗಲೂ ಇಂಥದ್ದೇ. ‘ಮುಂದೆ’, ‘ಹಿಂದೆ’ ಎಂಬ ಎದುರುಬದುರು ಪದಗಳೇ ಪ್ರಾಸ ಕಟ್ಟುತ್ತವೆ. ಮುಂದೆ ಹೋದರೂ ಹಿಂದೆ ಹೋದರೂ ಕರುವಿಗೆ ಪೆಟ್ಟು ಬೀಳಬಾರದು ಎಂಬ ತಾಯಿಯ ಆತಂಕ ಆ ಜೋಡಿಯಲ್ಲಿದೆ. ಕೊನೆಯ ಸಾಲು ಆರಂಭವಾಗುವುದು ‘ತಬ್ಬಲಿ’ಯಿಂದ, ಪ್ರಾಸ ತಪ್ಪುವುದೂ ಅಲ್ಲೇ. ಕಟ್ಟಿದವರ ಹೆಸರೇ ತಿಳಿಯದ ಈ ಹಾಡಿನಲ್ಲಿ ಇದು ಲೆಕ್ಕ ಹಾಕಿ ಮಾಡಿದ್ದೆಂದು ವಾದಿಸಲು ನಾನು ತಯಾರಿಲ್ಲ. ಆದರೆ ಪ್ರಾಸದ ಸಾಲಿನಿಂದ ಹೊರಗೆ ಉಳಿದದ್ದು ತಬ್ಬಲಿಯೇ ಎಂದು ಉತ್ತರಪತ್ರಿಕೆಯಲ್ಲಿ ಧೈರ್ಯವಾಗಿ ಬರೆಯಿರಿ.

ಹುಲಿ ಮಾತಾಡುವ ಪದ್ಯಗಳಲ್ಲಿ ಪ್ರಾಸ ಯಾವ ಪದಗಳ ಮೇಲೆ ಬೀಳುತ್ತದೆ? ಅದನ್ನು ನೀವೇ ಹುಡುಕಿ.